ನೀನು ನೋಡದೆ ಬಿಟ್ಟ ಸೀಸನ್

ಮಲ್ಲೇಶ್ವರಂ, ಬೆಂಗಳೂರು
1 ಮೇ 2023

ಪ್ರೀತಿಯ ಗೆಳೆಯಾ,

ಬೆಳಗಿನ ಜಾವ ನಾಲ್ಕು ಗಂಟೆಗೆ ಮಲಗಿದವನು ಈಗಷ್ಟೇ ಎದ್ದೆ. ಮೇ ದಿನದ ರಜೆ ಇದ್ದದ್ದು ಒಳ್ಳೆಯದಾಯಿತು. ರಾತ್ರಿ ಒಂದು ಗಂಟೆಗೆ ಶುರುವಾದ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಆಟವನ್ನು ಕೊನೆಯವರೆಗೂ ನೋಡಿದೆ. ನಮ್ಮ ಸ್ಯಾಕ್ರಮೆಂಟೊ ಕಿಂಗ್ಸ್ ಸೋತರು ಕಣೋ. ಪ್ಲೇಆಫ್ ಅಂದರೆ ನಾಕೌಟ್ ಹಂತದ ಮೊದಲ ಸುತ್ತಿನ ಏಳನೇ, ನಿರ್ಣಾಯಕ ಆಟ, ಅದೂ ಸ್ವಂತ ಊರಲ್ಲಿ. ಗೋಲ್ಡನ್ ಸ್ಟೇಟ್ ವಾರಿಯರ್ಸ್ 120, ನಮ್ಮವರು 100. ಅರ್ಧ ಆಟಕ್ಕೆ ಎರಡು ಪಾಯಿಂಟ್ ಮುಂದಿದ್ದೆವು. ಆಮೇಲೆ ಅವರ ಸ್ಟೆಫ್ ಕರಿಯನ್ನು ಹಿಡಿಯುವವರೇ ಇರಲಿಲ್ಲ. ಒಬ್ಬನೇ 50 ಪಾಯಿಂಟ್ ಹೊಡೆದ. ಏಳನೇ ಆಟದಲ್ಲಿ ಅಷ್ಟು ಹೊಡೆದವರು ಅದುವರೆಗೆ ಯಾರೂ ಇರಲಿಲ್ಲ.

ಸೋತ ಮಾರನೇ ದಿನ ಈ ಪತ್ರ ಯಾಕೆ ಅಂದರೆ, ನನಗೆ ದುಃಖಕ್ಕಿಂತ ಸಂತೋಷವೇ ಜಾಸ್ತಿ ಆಗಿದೆ. ಅದನ್ನು ಹೇಳಿಕೊಳ್ಳಲು ನೀನಲ್ಲದೆ ಇನ್ಯಾರಿದ್ದಾರೆ?

ನೀನು ನೋಡೋದು ಬಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. 2022ರ ಫೆಬ್ರವರಿ. ಕಿಂಗ್ಸ್‌ನವರು ತಮ್ಮ ಆಟಗಾರ ಟೈರೀಸ್ ಹ್ಯಾಲಿಬರ್ಟನ್‌ನನ್ನು ಇಂಡಿಯಾನಾ ಪೇಸರ್ಸ್ ತಂಡಕ್ಕೆ ಕೊಟ್ಟು, ಬದಲಿಗೆ ಡೊಮಾಂಟಸ್ ಸಬೋನಿಸ್‌ನನ್ನು ತಂದರು. 'ಇನ್ನು ಇವರ ಸಹವಾಸ ಸಾಕು' ಅಂತ ನೀನು ಮೆಸೇಜ್ ಹಾಕಿದೆ. ನಾನೂ ವಾದ ಮಾಡಲಿಲ್ಲ. ಹ್ಯಾಲಿಬರ್ಟನ್ ಅಂದರೆ ನಿನಗೆ ಎಷ್ಟು ಇಷ್ಟ ಅಂತ ಗೊತ್ತಿತ್ತು. 2018ರಲ್ಲಿ ಹೊಸ ಆಟಗಾರರನ್ನು ಆರಿಸುವಾಗ, ಆಮೇಲೆ ದೊಡ್ಡ ಸ್ಟಾರ್ ಆದ ಲೂಕಾ ಡಾನ್ಚಿಚ್‌ನನ್ನು ಬಿಟ್ಟು ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿಕೊಂಡ ತಂಡ ಇದು. ಅವರನ್ನು ಇನ್ನೊಂದು ಸಲ ನಂಬು ಅಂತ ಯಾವ ಬಾಯಲ್ಲಿ ಹೇಳಲಿ?

ಈ ಸಬೋನಿಸ್‌ನ ಹೆಸರು ಮೊದಲು ನಮ್ಮ ಕಿವಿಗೆ ಬಿದ್ದದ್ದು ಮುಂಬೈಯಲ್ಲಿ, ನೆನಪಿದೆಯಾ? 2019ರ ಅಕ್ಟೋಬರ್. ಎನ್‌ಬಿಎ ತಂಡಗಳು ಭಾರತದಲ್ಲಿ ಆಡಿದ್ದು ಅದೇ ಮೊದಲು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು ಹೋಗಿದ್ದೆವು. ಕಿಂಗ್ಸ್‌ನ ಒಡೆಯ ವಿವೇಕ್ ರಣದಿವೆ ಹುಟ್ಟಿದ ಊರು ಅದು. 2013ರಲ್ಲಿ ತಂಡ ಇನ್ನೇನು ಸಿಯಾಟಲ್‌ಗೆ ಹೋಗೇಬಿಡುತ್ತೆ ಅನ್ನುವಾಗ ಕೊಂಡು ಉಳಿಸಿಕೊಂಡವರಲ್ಲಿ ಮುಖ್ಯರು ಆತ. ಆದರೆ ಆಟದಲ್ಲಿ ಎರಡು ದಿನವೂ ಗೆದ್ದದ್ದು ಪೇಸರ್ಸ್. ಸಬೋನಿಸ್ ಆಗ ಆ ಕಡೆ ಇದ್ದ.

ಈಗ ಮುಖ್ಯ ವಿಷಯ. ಅವನು ನಿನ್ನ ಆಟ ಆಡುತ್ತಾನೆ ಕಣೋ.

ಸುಮ್ನೆ ನಿನ್ನನ್ನು ಹೊಗಳಲು ಹೇಳುತ್ತಿಲ್ಲ. ನಮ್ಮ ಸಿಮೆಂಟ್ ಕೋರ್ಟಿನಲ್ಲಿ ನೀನು ಎಲ್ಲರಿಗಿಂತ ಎತ್ತರ. ಆದರೂ ರಿಂಗಿನ ಕೆಳಗೆ ನಿಲ್ಲುತ್ತಿರಲಿಲ್ಲ. ರಿಂಗಿನ ಎದುರಿಗಿರುವ ಫ್ರೀ ಥ್ರೋ ಗೆರೆಯ ಮೂಲೆಗೆ ಬಂದು, ಬಾಲ್ ಇಟ್ಟುಕೊಂಡು, ಬೆನ್ನು ತಿರುಗಿಸಿ ನಿಂತು ಕಾಯುತ್ತಿದ್ದೆ. ಯಾರಾದರೂ ನಿನ್ನನ್ನು ಸವರಿಕೊಂಡೇ ಓಡಿ ಬಂದರೆ ಬಾಲನ್ನು ಅವರ ಕೈಗೇ ಕೊಟ್ಟು, ಹಿಂದೆ ಬಂದವನಿಗೆ ಅಡ್ಡ ನಿಲ್ಲುತ್ತಿದ್ದೆ. 'ಇಷ್ಟು ಉದ್ದ ಇದ್ದೀಯ, ನೀನೇ ಹಾಕೋ' ಅಂತ ಎಲ್ಲರೂ ಬೈಯುತ್ತಿದ್ದರು. ನಾನೂ ಬೈದಿದ್ದೇನೆ.

ಈ ಸೀಸನ್ ಕಿಂಗ್ಸ್ ಇಡೀ ಆಟ ಕಟ್ಟಿದ್ದು ಅದೇ ಜಾಗದಿಂದ, ಅದೇ ರೀತಿಯಲ್ಲಿ. ಸಬೋನಿಸ್ ಬಾಲ್ ಹಿಡಿದು ನಿಲ್ಲುತ್ತಾನೆ. ಕೆವಿನ್ ಹರ್ಟರ್ ಮೂಲೆಯಿಂದ ಓಡಿ ಬರುತ್ತಾನೆ. ಕೈಯಿಂದ ಕೈಗೆ ಬಾಲ್ ಹೋಗುತ್ತದೆ, ಹರ್ಟರ್‌ನ ಹಿಂದೆ ಬಂದವನು ಸಬೋನಿಸ್‌ಗೆ ಸಿಕ್ಕಿಹಾಕಿಕೊಳ್ಳುತ್ತಾನೆ, ದೂರದಿಂದ ಎಸೆದ ತ್ರೀ ಪಾಯಿಂಟರ್ (ಮೂರು ಪಾಯಿಂಟ್‌ನ ಹೊಡೆತ) ಬೀಳುತ್ತದೆ. ಅದನ್ನು ತಡೆಯಲು ಇಬ್ಬರು ಮುಂದೆ ಬಂದರೆ, ರಿಂಗಿನ ಕಡೆ ಜಾರಿಕೊಂಡವನಿಗೆ ಪಾಸ್. ಲೀಗಿನಲ್ಲೇ ಜಾಸ್ತಿ ರೀಬೌಂಡ್ (ಒಳಗೆ ಬೀಳದೆ ಪುಟಿದ ಬಾಲನ್ನು ಹಿಡಿಯೋದು) ಅವನದ್ದೇ, ಆಟಕ್ಕೆ ಸರಾಸರಿ 12.3. ಅದರ ಜೊತೆಗೆ 7.3 ಅಸಿಸ್ಟ್, ಅಂದರೆ ಜೊತೆಗಾರ ಪಾಯಿಂಟ್ ಹೊಡೆಯಲು ಕೊಟ್ಟ ಪಾಸ್! ಅದೂ ಡಿಸೆಂಬರಿನಲ್ಲಿ ಬಲಗೈ ಹೆಬ್ಬೆರಳು ಮುರಿದುಕೊಂಡು, ಆಪರೇಷನ್ ಬೇಡ ಅಂತ ಹಾಗೇ ಆಡಿ. ತಂಡ ಆಟಕ್ಕೆ ಸರಾಸರಿ 120.7 ಪಾಯಿಂಟ್ ಹೊಡೆಯಿತು, ಲೀಗಿನಲ್ಲೇ ಮೊದಲು. ಹೊಸ ಹುಡುಗ ಕೀಗನ್ ಮರ್ರಿ 206 ತ್ರೀ ಹಾಕಿದ, ಮೊದಲ ವರ್ಷದ ಆಟಗಾರರಲ್ಲಿ ಅದು ಅದುವರೆಗಿನ ದಾಖಲೆ. ನೋಡಿದಾಗಲೆಲ್ಲ ನಿನ್ನದೇ ನೆನಪು. ನಿನಗೆ ಬೈದದ್ದೂ ನೆನಪಾಯಿತು. ತಪ್ಪು ನಮ್ಮದೇ, ನಿನ್ನ ಹತ್ತಿರ ಓಡಿ ಬರಬೇಕಾದವರು ನಾವು ನಿಂತಲ್ಲೇ ನಿಂತಿರುತ್ತಿದ್ದೆವು.

ಶುರುವಿನಲ್ಲಿ ಇದು ಯಾವುದೂ ಕಾಣಲಿಲ್ಲ. ಮೊದಲ ನಾಲ್ಕೂ ಆಟ ಸೋತರು. ಐದನೆಯದರಲ್ಲಿ ಮಯಾಮಿಯನ್ನು ಗೆದ್ದರು. ಗೆದ್ದ ರಾತ್ರಿ ಸ್ಟೇಡಿಯಂ ಮೇಲಿಂದ ಆಕಾಶಕ್ಕೆ ನೇರಳೆ ಬಣ್ಣದ ಬೆಳಕು ಬಿಡುವ ಪದ್ಧತಿ ಶುರು ಮಾಡಿದ್ದಾರೆ. ಊರಲ್ಲಿ ಎಲ್ಲಿಂದ ನೋಡಿದರೂ ಜನಕ್ಕೆ ಗೊತ್ತಾಗುತ್ತದೆ, ಇವತ್ತು ನಮ್ಮವರು ಗೆದ್ದರು ಅಂತ. ಸ್ವಂತ ಊರಿನಲ್ಲಿ ಗೆದ್ದರೆ ಆಟಗಾರರೇ ಬಂದು ಗುಂಡಿ ಒತ್ತುತ್ತಾರೆ, ಜನ 'ಲೈಟ್ ದ ಬೀಮ್' ಅಂತ ಕೂಗುತ್ತಾರೆ. ಹಸುವಿನ ಕೊರಳ ಗಂಟೆ ಬಾರಿಸುವ ಹಳೇ ಅಭ್ಯಾಸವೂ ಇದೆ. ಮೊಬೈಲಿನಲ್ಲಿ ಆ ಸದ್ದು ಕೇಳಿ ನಮ್ಮಮ್ಮ, 'ಅಮೆರಿಕದಲ್ಲೂ ದನ ಕಟ್ಟಿದ್ದಾರಾ?' ಅಂತ ಕೇಳಿದರು.

ಒಂದು ಶನಿವಾರ ಬೆಳಗ್ಗೆ ನಿನಗೆ ಫೋನ್ ಮಾಡಿದ್ದೆ, ನೀನು ಎತ್ತಲಿಲ್ಲ. ಫೆಬ್ರವರಿ 25. ಕ್ಲಿಪ್ಪರ್ಸ್ ಎದುರು ಎರಡು ಓವರ್‌ಟೈಮ್, 176–175ರಲ್ಲಿ ಗೆದ್ದೆವು! ಎನ್‌ಬಿಎ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಪಾಯಿಂಟ್ ಬಂದ ಆಟ ಒಂದೇ ಒಂದು, 1983ರದ್ದು. ನಮ್ಮ ಮಲಿಕ್ ಮಂಕ್ 45, ಡಿ'ಆರನ್ ಫಾಕ್ಸ್ 42. ತಿಂಡಿ ತಟ್ಟೆಯಲ್ಲೇ ಆರಿಹೋಯಿತು.

ಪ್ಲೇಆಫ್ ಗ್ಯಾರಂಟಿ ಆದದ್ದು ಶ್ರೀರಾಮನವಮಿ ದಿನ. ಅಲ್ಲಿ ಬುಧವಾರ ರಾತ್ರಿ, ಇಲ್ಲಿ ಗುರುವಾರ ಬೆಳಗ್ಗೆ. ಅಡುಗೆಮನೆಯಲ್ಲಿ ಅಮ್ಮ ಪಾನಕಕ್ಕೆ ಬೆಲ್ಲ ಕರಗಿಸುತ್ತಿದ್ದರು, ನಾನು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಪೋರ್ಟ್‌ಲೆಂಡ್ ಆಟ ನೋಡುತ್ತಿದ್ದೆ. 120–80. ಹದಿನಾರು ಸೀಸನ್ ಆಗಿತ್ತು ಪ್ಲೇಆಫ್ ಕಂಡು. ಕೊನೆಯ ಸಲ 2006ರಲ್ಲಿ, ನಾವಿನ್ನೂ ಸ್ಕೂಲಿನಲ್ಲಿದ್ದೆವು. ಎನ್‌ಬಿಎಯಲ್ಲಿ ಬೇರೆ ಯಾವ ತಂಡವೂ ಅಷ್ಟು ಕಾಲ ಹೊರಗೆ ನಿಂತಿಲ್ಲ. ಆಟ ಮುಗಿದಾಗ ನನ್ನ ಕಣ್ಣು ಒದ್ದೆಯಾಯಿತು. ಅಮ್ಮ ಏನೂ ಕೇಳದೆ ಒಂದು ಲೋಟ ಪಾನಕ ತಂದು ಪಕ್ಕದಲ್ಲಿಟ್ಟರು.

48 ಗೆಲುವು, 34 ಸೋಲು, ವೆಸ್ಟ್‌ನಲ್ಲಿ (ಲೀಗಿನ ಪಶ್ಚಿಮ ಗುಂಪು) ಮೂರನೇ ಜಾಗ. ಕೋಚ್ ಮೈಕ್ ಬ್ರೌನ್‌ಗೆ ವರ್ಷದ ಕೋಚ್ ಪ್ರಶಸ್ತಿ ಬಂತು, ಮೊದಲ ಸ್ಥಾನದ ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ. ಹೋದ ವರ್ಷ ಆತ ವಾರಿಯರ್ಸ್‌ನಲ್ಲೇ ಸಹಾಯಕ ಕೋಚ್ ಆಗಿದ್ದವನು. ಕೊನೆಯಲ್ಲಿ ಅವರೇ ಎದುರು ಸಿಕ್ಕಿದರು. ಮೊದಲ ಎರಡು ಆಟ ನಾವು ಗೆದ್ದೆವು. ನಾಲ್ಕನೆಯದನ್ನು 126–125ರಲ್ಲಿ ಸೋತೆವು, ನಮ್ಮ ಹ್ಯಾರಿಸನ್ ಬಾರ್ನ್ಸ್ ಕೊನೇ ಕ್ಷಣದಲ್ಲಿ ಎಸೆದ ಬಾಲ್ ಒಳಗೆ ಬೀಳಲಿಲ್ಲ. ಅದೊಂದು ಬಿದ್ದಿದ್ದರೆ, ಅಂತ ಈಗಲೂ ಅನಿಸುತ್ತದೆ. ಅದೇ ಆಟದಲ್ಲಿ ಫಾಕ್ಸ್‌ನ ಎಡಗೈ ಬೆರಳು ಮುರಿಯಿತು. ಅವನು ಎಸೆಯುವುದೇ ಆ ಕೈಯಲ್ಲಿ. ಆದರೂ ಉಳಿದ ಮೂರೂ ಆಟ ಆಡಿದ.

ಒಂದು ಮಾತು ಹೇಳಲೇಬೇಕು. ಹ್ಯಾಲಿಬರ್ಟನ್‌ನ ಬಗ್ಗೆ ನಿನ್ನ ಲೆಕ್ಕ ತಪ್ಪಿರಲಿಲ್ಲ. ಇಂಡಿಯಾನಾದಲ್ಲಿ ಅವನು ಈ ವರ್ಷ ಆಲ್ ಸ್ಟಾರ್ ಆದ, ಅಂದರೆ ಲೀಗಿನ ಅತ್ಯುತ್ತಮರ ಆಟಕ್ಕೆ ಆಯ್ಕೆಯಾದ. ಅವನ ಆಟವನ್ನೂ ನೋಡೋಣ, ನನಗೇನೂ ಅಭ್ಯಂತರ ಇಲ್ಲ.

ನೀನು ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆ ಮಾಡಿದ ಮೇಲೆ ನಾವು ಒಟ್ಟಿಗೆ ಆಡಿಯೇ ಇಲ್ಲ, ಅಲ್ವಾ? ಟ್ರಾಫಿಕ್ ಇರೋದೇ. ಈ ಶನಿವಾರ ಬೆಳಗ್ಗೆ ಆರಕ್ಕೆ ಹೊರಟರೆ ರಸ್ತೆ ಖಾಲಿ ಇರುತ್ತದೆ. ಕೋರ್ಟಿಗೆ ಬಾ. ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ ಬಾಲ್ ಇಟ್ಟುಕೊಂಡು ನಿಂತಿರು. ಈ ಸಲ ನಾನು ಓಡಿ ಬರುತ್ತೇನೆ.

ನಿನ್ನ,
ಮಲ್ಲೇಶ್ವರಂ ಗೆಳೆಯ