ಪೆನ್ಸಿಲ್ ವಾಸನೆಯ ವೈನ್

ಪ್ರೀತಿಯ ಗಣಪತಿ,

"ಒಂದು ಬಾಟಲಿ ವೈನಿಗೆ ನೂರಾರು ಯೂರೋನಾ? ಅದರಲ್ಲಿ ನಮ್ಮ ಮನೆ ಸೂರಿಗೆ ಹೆಂಚು ಹೊದಿಸಬಹುದಲ್ಲೋ!" ಅಂತ ಫೋನಿನಲ್ಲಿ ನಕ್ಕೆಯಲ್ಲ, ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಮೊನ್ನೆ ಆ ವೈನಿನ ದ್ರಾಕ್ಷಿ ತೋಟಕ್ಕೇ ಹೋಗಿ ಬಂದೆ. ನೀನು ಡ್ರಾಯಿಂಗ್ ಮೇಷ್ಟ್ರು, ನಿನಗೆ ಈ ಕಥೆ ಹೇಳಲೇಬೇಕು.

ಫ್ರಾನ್ಸಿನಲ್ಲಿ ನಾನಿರುವ ಟುಲೂಸ್‌ನಿಂದ ಬೋರ್ಡೋಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಉತ್ತರಕ್ಕೆ, ಜಿರೋಂದ್ ಅಳಿವೆಯ ದಂಡೆಯಲ್ಲಿ ಪೊಯಾಕ್ ಅಂತ ಸಣ್ಣ ಊರು. ಆ ತೋಟ, ಅಂದರೆ ಶಾತೋ ಮುತೋಂ ರೋಥ್‌ಶೀಲ್ಡ್ ಇರುವುದು ಅಲ್ಲೇ. ಫ್ರೆಂಚ್‌ನಲ್ಲಿ 'ಮುತೋಂ' ಅಂದರೆ ಕುರಿ.

ವಿಜಯಪುರದ ಕಡೆಯ ಹಾಗೆ ಚಪ್ಪರದ ಮೇಲೆ ಹಬ್ಬಿಸಿದ ಬಳ್ಳಿ ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಗಿಡಗಳೆಲ್ಲ ಕುಳ್ಳ. ಮಣ್ಣು ನೋಡಿದ್ದರೆ ನಿನ್ನಪ್ಪ ತಲೆ ಚಚ್ಚಿಕೊಳ್ಳುತ್ತಿದ್ದರು. ಬರೀ ಜಲ್ಲಿ! ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲುಗಳು. ಆದರೆ ಆ ಕಲ್ಲೇ ಬಂಡವಾಳವಂತೆ. ಮಳೆನೀರು ನಿಲ್ಲದೆ ಇಳಿದು ಹೋಗುತ್ತೆ, ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತೆ, ಹಗಲಿನ ಕಾವನ್ನು ಕಲ್ಲು ರಾತ್ರಿಗೆ ಹಿಡಿದಿಡುತ್ತೆ. ಇಲ್ಲಿ ಜಾಸ್ತಿ ಬೆಳೆಯುವುದು ಕ್ಯಾಬರ್ನೆ ಸುವಿನ್ಯೋಂ ಎಂಬ ತಳಿ. ತಡವಾಗಿ ಹಣ್ಣಾಗುವ ಜಾತಿ, ಅದಕ್ಕೆ ಆ ಕಾವು ಬೇಕು.

ಈಗ ದರ್ಜೆಯ ಜಗಳದ ಕಥೆ. 1853ರಲ್ಲಿ ಬ್ಯಾಂಕರ್ ಮನೆತನದ ನಥಾನಿಯಲ್ ರೋಥ್‌ಶೀಲ್ಡ್ ಈ ತೋಟ ಕೊಂಡ. ಎರಡೇ ವರ್ಷಕ್ಕೆ, 1855ರಲ್ಲಿ, ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಕ್ಕೆಂದು ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟರು. ದಲ್ಲಾಳಿಗಳು ರುಚಿಗಿಂತ ಮಾರುಕಟ್ಟೆ ಬೆಲೆ ನೋಡಿ ಪಟ್ಟಿ ಮಾಡಿದ್ದರು. ಲಾಫಿತ್, ಲಾತೂರ್, ಮಾರ್ಗೋ, ಒ-ಬ್ರಿಯೋಂ, ಈ ನಾಲ್ಕಕ್ಕೆ ಮೊದಲ ದರ್ಜೆ. ಮುತೋಂಗೆ ಎರಡನೆಯದು. ಉರಿಯದೆ ಇರುತ್ತಾ? ಲಾಫಿತ್ ಪಕ್ಕದ್ದೇ ತೋಟ. ಮುಂದೆ 1868ರಲ್ಲಿ ಅದನ್ನು ಕೊಂಡವನೂ ರೋಥ್‌ಶೀಲ್ಡ್ ದಾಯಾದಿಯೇ.

1922ರಲ್ಲಿ, ಅದೇ ಮನೆತನದ, ಇಪ್ಪತ್ತರ ವಯಸ್ಸಿನ ಫಿಲಿಪ್ ಎಂಬ ಹುಡುಗ ಮುತೋಂನ ಯಜಮಾನಿಕೆ ವಹಿಸಿಕೊಂಡ. ಕಾರ್ ರೇಸಿನ ಹುಚ್ಚ. ಆಗ ವೈನು ಪೀಪಾಯಿಯಲ್ಲೇ ಬೋರ್ಡೋದ ವ್ಯಾಪಾರಿಗಳ ಮನೆಗೆ ಹೋಗುತ್ತಿತ್ತು, ಬಾಟಲಿಗೆ ತುಂಬುವವರು ಅವರೇ. ಏನು ಬೆರೆಸುತ್ತಾರೋ ಯಾರು ಕಂಡರು? 1924ರ ಬೆಳೆಯನ್ನು ಪೂರ್ತಿ ತೋಟದಲ್ಲೇ ಬಾಟಲಿಗೆ ತುಂಬಿಸಿದ. ಬಾಟಲಿ ತನ್ನದಾದ ಮೇಲೆ ಲೇಬಲ್ಲೂ ತನ್ನದೇ ಅಲ್ವಾ? ಜಾನ್ ಕಾರ್ಲು ಎಂಬ ಪೋಸ್ಟರ್ ಕಲಾವಿದನಿಂದ ಬರೆಸಿದ.

ಆಮೇಲೆ ಎರಡನೇ ಮಹಾಯುದ್ಧ. ಫಿಲಿಪ್‌ನ ಹೆಂಡತಿ ನಾಜಿಗಳ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಸತ್ತಳು. 1945ರ ಲೇಬಲ್ ಮೇಲೆ ಗೆಲುವಿನ ಗುರುತಾಗಿ ದೊಡ್ಡದೊಂದು 'ವಿ' ಅಕ್ಷರವಿದೆ. ಎಲ್ಲರೂ ಅದನ್ನು ಗೆಲುವಿನ ವೈನ್ ಅನ್ನುತ್ತಾರೆ. ನನಗೆ ಮಾತ್ರ ಅದರ ಮುಂದೆ ಹಾಗನ್ನಲು ಬಾಯಿ ಬರಲಿಲ್ಲ.

ಅಲ್ಲಿಂದಾಚೆಗೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಲೇಬಲ್ಲಿಗೆ ಒಬ್ಬ ಕಲಾವಿದ. ಬ್ರಾಕ್, ಡಾಲಿ, ಮಿರೋ, ಶಗಾಲ್, ವಾರ್ಹೋಲ್. 2009ರದ್ದು ನಮ್ಮ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದು. ಸಂಭಾವನೆ ದುಡ್ಡಲ್ಲ ಮಾರಾಯ, ವೈನ್ ಪೆಟ್ಟಿಗೆಗಳು! ನಿನಗೆ ಊರಿನವರು ಜಾತ್ರೆ ಬ್ಯಾನರ್ ಬರೆಸಿಕೊಂಡು ಬಾಳೆಗೊನೆ ಕೊಡುತ್ತಾರಲ್ಲ, ಹಾಗೆ.

ಮುತೋಂಗೆ ಮೊದಲ ದರ್ಜೆ ಸಿಕ್ಕಿದ್ದು 1973ರಲ್ಲಿ. ಆಗ ಕೃಷಿ ಮಂತ್ರಿಯಾಗಿದ್ದ ಜಾಕ್ ಶಿರಾಕ್ ಸಹಿ ಹಾಕಿದರು. ಒಂದು ಬಡ್ತಿಗೆ 118 ವರ್ಷ! ನಮ್ಮ ಸರ್ಕಾರಿ ಕಡತವೇ ವಾಸಿ. ಆ ವರ್ಷವೇ ಪಿಕಾಸೊ ತೀರಿಕೊಂಡಿದ್ದ, ಲೇಬಲ್ ಮೇಲೆ ಅವನದೇ ಚಿತ್ರ ಬಂತು. ಮೂರು ವರ್ಷ ಕಳೆದು ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ, ಕ್ಯಾಲಿಫೋರ್ನಿಯಾದ ವೈನೊಂದು ಮುತೋಂ ವೈನನ್ನು ಎರಡನೇ ಸ್ಥಾನಕ್ಕೆ ತಳ್ಳಿತು. ಅದೇ 'ಎರಡು' ಮತ್ತೆ!

ರುಚಿ ಕೇಳಿದೆಯಲ್ಲ. ಕೊನೆಗೆ ಗ್ಲಾಸಿನ ತಳದಲ್ಲಿ ಎರಡು ಗುಟುಕು ಕೊಟ್ಟರು. ಮೊದಲು ಮೂಗಿಗೆ ಹಿಡಿದೆ. ನಗಬೇಡ, ಪೆನ್ಸಿಲ್ ಹೆರೆದ ವಾಸನೆ! ನಿನ್ನ ಕ್ಲಾಸಿನ ಮೂಲೆಯಲ್ಲಿ ಹೆರೆದ ಸಿಪ್ಪೆ ತುಂಬಿದ ಡಬ್ಬ ಇತ್ತಲ್ಲ, ಮುಚ್ಚಳ ತೆಗೆದಂತಾಯಿತು. ಪೊಯಾಕ್ ವೈನಿನ ಗುರುತೇ ಅದಂತೆ. ಬಾಯಿಗೆ ಹಾಕಿದರೆ ಮೊದಲು ಕಪ್ಪು ಹಣ್ಣಿನ ರುಚಿ, ನಮ್ಮ ನೇರಳೆಯ ನೆಂಟ ಅನ್ನು. ಹಿಂದೆಯೇ ಒಗರು. ಅಡಿಕೆ ಬೇಯಿಸಿದ ಚೊಗರನ್ನು ಚಿಕ್ಕವರಿದ್ದಾಗ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವುಚಿದ್ದೆವಲ್ಲ, ಅದೇ ಹಿಡಿತ, ಆದರೆ ರೇಷ್ಮೆಯಷ್ಟು ನಯ. ಆ ಒಗರು ಇರುವುದರಿಂದಲೇ ದಶಕಗಟ್ಟಲೆ ಕೆಡದೆ ಉಳಿಯುತ್ತೆ ಅಂದರು. ಬೆಲೆಗೆ ತಕ್ಕದ್ದಾ ಅಂತ ಕೇಳಿದರೆ, ಅರ್ಧ ಬೆಲೆ ಹೆಸರಿಗೇ ಹೋಗುತ್ತೆ ಅಂತ ನನ್ನ ಲೆಕ್ಕ. ಆದರೂ ಎರಡನೇ ಗುಟುಕನ್ನು ಹತ್ತು ನಿಮಿಷ ಬಾಯಲ್ಲೇ ಇಟ್ಟುಕೊಂಡಿದ್ದೆ, ಸುಮ್ನೆ ಸುಳ್ಳು ಯಾಕೆ ಹೇಳಲಿ.

ಬಾಟಲಿ ತರಲು ಕೈಲಾಗಲ್ಲ. ನಿನಗೆ ಪಿಕಾಸೊ ಲೇಬಲ್ಲಿನ ಪೋಸ್ಟ್‌ಕಾರ್ಡ್ ತಗೊಂಡಿದ್ದೇನೆ, ಕೇಳಿದ್ದ 6ಬಿ ಪೆನ್ಸಿಲ್‌ಗಳನ್ನೂ. ಡಿಸೆಂಬರ್‌ನಲ್ಲಿ ಬರುತ್ತೇನೆ. ಅಷ್ಟರಲ್ಲಿ ಒಂದು ಕುರಿ ಬರೆದಿಡು, ನೋಡೋಣ.

ನಿನ್ನ,
ಶ್ರೀಧರ