ಎಂಆರ್‌ಐ ಕೋಣೆಯ ಅಕ್ಕನಿಗೆ

ಗಾಬರಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ, ಅಕ್ಕ. ಕಳೆದ ಮಂಗಳವಾರ ಬೆಳಗ್ಗೆ ನನ್ನ ತಮ್ಮನ ಎಂಆರ್‌ಐ ಮಾಡಿದವರು ನೀವು.

ಅವನಿಗೆ ಹೃದಯ ಕಸಿಯಾಗಿ ಎಂಟು ತಿಂಗಳು. ಮೈ ಹೊಸ ಹೃದಯವನ್ನು ತಿರಸ್ಕರಿಸುತ್ತಿದೆಯೇ ಎಂದು ನೋಡಲು ಅಷ್ಟರಲ್ಲಿ ಎಷ್ಟು ಬಯಾಪ್ಸಿ! ಕತ್ತಿನ ರಕ್ತನಾಳದಿಂದ ಸಣ್ಣ ನಳಿಕೆ ಇಳಿಸಿ, ಹೃದಯದ ಬಲಭಾಗದಿಂದ ಚೂರು ಚೂರು ಸ್ನಾಯು ತೆಗೆಯುತ್ತಾರೆ. ಹಿಂದಿನ ರಾತ್ರಿಯೇ ಹುಡುಗ ಮಂಕಾಗುತ್ತಿದ್ದ.

ಈ ಸಲ ಡಾಕ್ಟರು ಎಂಆರ್‌ಐ ಬರೆದರು. ಅದಕ್ಕೂ ಅವನು ಹೆದರಿದಾಗ ನೀವು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಿರಿ: ತಿರಸ್ಕಾರ ಶುರುವಾದರೆ ಸ್ನಾಯುವಿನಲ್ಲಿ ನೀರು ಸೇರಿ ಊದುತ್ತದೆ, ಸ್ನಾಯುವಿನ ನೀರಿನಂಶವನ್ನು ಅಂಕಿಯಲ್ಲಿ ತೋರಿಸುವ ಟಿ2 ಮ್ಯಾಪಿಂಗ್ ಎಂಬ ಎಂಆರ್‌ಐ ಚಿತ್ರದಲ್ಲಿ ಅಲ್ಲಿನ ಅಂಕಿ ಏರುತ್ತದೆ. ಚೂರು ತೆಗೆದ ಜಾಗವಷ್ಟೇ ಅಲ್ಲ, ಹೃದಯದ ಉಳಿದ ಸ್ನಾಯುವೂ ಕಾಣುತ್ತದೆ. ಎಕ್ಸ್‌ರೇಯಂಥ ವಿಕಿರಣವೂ ಇಲ್ಲ.

ಆಮೇಲೆ ಮುಕ್ಕಾಲು ಗಂಟೆ ಮೈಕಿನಲ್ಲಿ ನಿಮ್ಮದೇ ದನಿ. "ಉಸಿರು ಬಿಡು, ಹಾಗೇ ಹಿಡ್ಕೋ... ಆಯ್ತು ಕಂದಾ, ಉಸಿರಾಡು." ಒಮ್ಮೆಯೂ ಬೇಸರಿಸಲಿಲ್ಲ.

ವರದಿಯಲ್ಲಿ ಊತವಿಲ್ಲ. ಅನುಮಾನ ಬಂದರೆ ಬಯಾಪ್ಸಿ ಬೇಕೇ ಬೇಕು ಎಂದಿದ್ದಾರೆ ಡಾಕ್ಟರು, ಸದ್ಯಕ್ಕೆ ಬೇಡವಂತೆ. ಅವತ್ತು ರಾತ್ರಿ ಅವನು ಎರಡು ಮುದ್ದೆ ಉಂಡು ಮಲಗಿದ. ನಿಮಗೆ ನಮ್ಮಮ್ಮನ ಕೈಮುಗಿತವೂ ಸೇರಿ ಧನ್ಯವಾದ, ಅಕ್ಕ.