ಚಿಕ್ಕಪ್ಪನ ಮಾತ್ರೆ, ತೋಟದ ಸ್ಟಾರ್ಟರ್

ಡಂಡೀ, ಸ್ಕಾಟ್ಲೆಂಡ್
ನವೆಂಬರ್ 16

ಪ್ರೀತಿಯ ಚಿಕ್ಕಪ್ಪನಿಗೆ ಪುಟ್ಟಿಯ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ಇಲ್ಲಿ ಈಗ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಟೇ ನದಿ ಕಡೆಯಿಂದ ಗಾಳಿ ಬೀಸಿದರೆ ಕಿವಿ ಮುಟ್ಟಿಕೊಂಡು ಇದೆಯಾ ಅಂತ ನೋಡಬೇಕು, ಹಾಗಿದೆ ಚಳಿ. ಈ ಊರು ಒಂದು ಕಾಲಕ್ಕೆ ಸೆಣಬಿನ ಗಿರಣಿಗಳಿಗೆ ಹೆಸರಾಗಿತ್ತು. ಬಂಗಾಳದಿಂದ ಹಡಗಿನಲ್ಲಿ ಸೆಣಬು ಬರುತ್ತಿತ್ತಂತೆ. ಹಳೇ ಗಿರಣಿ ಮುಂದೆ ಹೋಗುವಾಗಲೆಲ್ಲ ನಮ್ಮ ಅಟ್ಟದ ಮೇಲಿನ ಗೋಣಿಚೀಲಗಳ ವಾಸನೆ ನೆನಪಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ಭಾನುವಾರ ಚಿಕ್ಕಿ ಫೋನಿನಲ್ಲಿ ಎಲ್ಲ ಹೇಳಿದರು. ವಾರದಲ್ಲಿ ಎರಡು ದಿನ ನೀವು ರಕ್ತದ ಕ್ಯಾನ್ಸರಿನ ಇಮಾಟಿನಿಬ್ ಮಾತ್ರೆ ನುಂಗುತ್ತಿಲ್ಲವಂತೆ. "ರಿಪೋರ್ಟ್ ಚೆನ್ನಾಗಿ ಬಂದಿದೆ, ಸುಮ್ನೆ ಯಾಕೆ ಮೈಗೆ ವಿಷ ತುಂಬೋದು" ಅಂದಿರಂತೆ. ಚಿಕ್ಕಿ ಮೇಲೆ ರೇಗಬೇಡಿ. ನಾಲ್ಕು ವರ್ಷದಿಂದ ನಾನು ಇಲ್ಲಿ ಓದುತ್ತಿರುವುದು ನಿಮ್ಮ ಮಾತ್ರೆ ಕೆಲಸ ಮಾಡುವ ಆ ಜಾಗದ ಬಗ್ಗೆಯೇ. ಫೋನ್ ಮಾಡಿದರೆ "ಆಯ್ತು ಆಯ್ತು, ತಗೋ ಅಪ್ಪನ ಹತ್ರ ಮಾತಾಡು" ಅಂತೀರಿ. ಅದಕ್ಕೇ ಕಾಗದ.

ಆ ವರ್ಷ ತೋಟದ ಸ್ಟಾರ್ಟರ್ ಕೈಕೊಟ್ಟಿತ್ತಲ್ಲ, ನೆನಪಿದೆಯಾ? ಒಳಗಿನ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಬೆಸೆದುಕೊಂಡಿದ್ದವು. ಕೆಂಪು ಬಟನ್ ಎಷ್ಟು ಒತ್ತಿದರೂ ಮೋಟಾರ್ ನಿಲ್ಲಲಿಲ್ಲ. ನೀವು ಓಡಿಹೋಗಿ ಫ್ಯೂಸ್ ಕೀಳುವಷ್ಟರಲ್ಲಿ ಬಾವಿಯ ತಳ ಕಾಣುತ್ತಿತ್ತು. ಆಮೇಲೆ ಪಾಯಿಂಟುಗಳನ್ನು ಸ್ಕ್ರೂಡ್ರೈವರಿನಲ್ಲಿ ಬಿಡಿಸಿ, ಮತ್ತೆ ಅಂಟಿಕೊಳ್ಳದ ಹಾಗೆ ನಡುವೆ ಒಣ ಬಿದಿರಿನ ಚಕ್ಕೆ ಸಿಕ್ಕಿಸಿದಿರಿ. ತೀರ್ಥಹಳ್ಳಿಯಿಂದ ಮೆಕ್ಯಾನಿಕ್ ಬರುವ ತನಕ ಎಂಟು ದಿನ ಆ ಚಕ್ಕೆಯೇ ಕಾಪಾಡಿತು. ನಿಮ್ಮ ರಕ್ತದಲ್ಲೂ ಹೆಚ್ಚುಕಮ್ಮಿ ಅದೇ ಕಥೆ.

ನಮ್ಮ ಒಂದೊಂದು ಜೀವಕೋಶದೊಳಗೂ ಇಂಥ ಸ್ಟಾರ್ಟರುಗಳಿವೆ. ಅಲ್ಲಿ ಕರೆಂಟಿನ ಬದಲು ಫಾಸ್ಫೇಟ್. ಹೌದು, ನೀವು ಅಡಿಕೆ ಬುಡಕ್ಕೆ ಹಾಕುವ ರಾಕ್ ಫಾಸ್ಫೇಟಿನಲ್ಲಿ ಇರುವುದೇ. ನಡುವೆ ಒಂದು ರಂಜಕ, ಸುತ್ತ ಆಮ್ಲಜನಕ, ಮೈ ತುಂಬ ನೆಗೆಟಿವ್ ಚಾರ್ಜು. ಕೋಶದಲ್ಲಿ ಎಟಿಪಿ ಅನ್ನುವ ಅಣು ಇದೆ. ಅದರಿಂದ ಒಂದು ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನಿಗೆ ಅಂಟಿಸುವುದೇ ಕೆಲವು ಪ್ರೋಟೀನುಗಳ ಕಸುಬು. ಅವಕ್ಕೆ ಕೈನೇಸ್ ಅನ್ನುತ್ತಾರೆ. ಮನುಷ್ಯನಲ್ಲಿ ಐನೂರಕ್ಕೂ ಜಾಸ್ತಿ ಬಗೆ ಇವೆ. ಫಾಸ್ಫೇಟ್ ಅಂಟಿದ ಕೂಡಲೇ ಆ ಪ್ರೋಟೀನಿನ ಆಕಾರ ಬದಲಾಗುತ್ತದೆ. ಮುದುಡಿಕೊಂಡಿದ್ದದ್ದು ಬಿಚ್ಚಿಕೊಳ್ಳಬಹುದು. ಇಲ್ಲವೇ ಇನ್ನೊಂದು ಪ್ರೋಟೀನಿಗೆ ಬಂದು ಹಿಡಿದುಕೊಳ್ಳಲು ಜಾಗ ಸಿಗಬಹುದು. ಅದು ಹಸಿರು ಬಟನ್. ಅಂಟಿದ ಫಾಸ್ಫೇಟನ್ನು ಕಿತ್ತು ತೆಗೆಯುವ ಪ್ರೋಟೀನುಗಳು ಬೇರೆ ಇವೆ, ಫಾಸ್ಫಟೇಸ್ ಅಂತ. ಅದು ಕೆಂಪು ಬಟನ್. ಕೋಶ ಬೆಳೆಯಬೇಕಾ, ಎರಡಾಗಬೇಕಾ, ಸಾಯಬೇಕಾ, ಇಂಥ ಎಷ್ಟೋ ಮಾತು ನಡೆಯುವುದು ಈ ಎರಡರ ನಡುವೆಯೇ.

ಈ ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ರಾಫ್ ಅನ್ನುವ ಕೈನೇಸ್ ಮೆಕ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ಎಚ್ಚೆತ್ತ ಮೆಕ್ ಹೋಗಿ ಅರ್ಕ್‌ಗೆ ಅಂಟಿಸುತ್ತದೆ. ಅರ್ಕ್ ನ್ಯೂಕ್ಲಿಯಸ್ಸಿನೊಳಗೆ ನುಗ್ಗಿ, ಕೋಶ ಒಡೆದು ಎರಡಾಗಲು ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಮೇಲೆ ಒಂದು ಒತ್ತಿದರೆ ಕೆಳಗೆ ಸಾವಿರ ಏಳುತ್ತವೆ. ಸರಿಯಾದ ಹೊತ್ತಿಗೆ ನಿಂತರೆ ಇದರಷ್ಟು ಚೆಂದದ ವ್ಯವಸ್ಥೆ ಇಲ್ಲ.

ನಿಮ್ಮ ವಿಷಯದಲ್ಲಿ ಅದು ನಿಲ್ಲುತ್ತಿಲ್ಲ. ಮೂಳೆಯ ಮಜ್ಜೆಯಲ್ಲಿ ಯಾವುದೋ ಒಂದು ಕೋಶದಲ್ಲಿ 9ನೇ ಮತ್ತು 22ನೇ ವರ್ಣತಂತುಗಳು ತುಂಡಾಗಿ, ತುಂಡುಗಳು ಅದಲುಬದಲಾಗಿ ಅಂಟಿಕೊಂಡಿವೆ. ಇದನ್ನು ಹಿಡಿದವರು ಷಿಕಾಗೋದ ಜಾನೆಟ್ ರೌಲಿ, 1973ರಲ್ಲಿ. ಮನೆಯ ಊಟದ ಮೇಜಿನ ಮೇಲೆ ವರ್ಣತಂತುಗಳ ಫೋಟೋ ಹರಡಿಕೊಂಡು ಕತ್ತರಿಸಿ ಜೋಡಿಸುತ್ತಾ ಕೂರುತ್ತಿದ್ದರಂತೆ. ನಮ್ಮನೆಯಲ್ಲಾಗಿದ್ದರೆ ಅಜ್ಜಿ ಅಷ್ಟನ್ನೂ ಗುಡಿಸಿ ಹಾಕಿರುತ್ತಿದ್ದರು. ಹಾಗೆ ಬೆಸೆದುಕೊಂಡ ಜೀನಿನಿಂದ ಹುಟ್ಟುವ ಪ್ರೋಟೀನೇ ನಿಮ್ಮ ರಿಪೋರ್ಟಿನಲ್ಲಿ ಬರೆದಿರುವ ಬಿಸಿಆರ್-ಎಬಿಎಲ್. ಎಬಿಎಲ್ ಒಂದು ಕೈನೇಸ್. ಮಾಮೂಲಿಯಾಗಿ ಅದು ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಬಿಸಿಆರ್ ಅನ್ನುವ ಇನ್ನೊಂದು ಪ್ರೋಟೀನಿನ ತುಂಡು ಬಂದು ಅಂಟಿದ ಮೇಲೆ ಅದರ ಬೀಗವೇ ಹೋಯಿತು. ಹಗಲು ರಾತ್ರಿ ಫಾಸ್ಫೇಟ್ ಅಂಟಿಸುತ್ತಾ ಇರುತ್ತದೆ. ಬಿಳಿ ರಕ್ತಕಣಗಳು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹುಟ್ಟುತ್ತಲೇ ಹೋಗುತ್ತವೆ.

ಇದು ಮಕ್ಕಳಿಗೆ ಬರುತ್ತದಾ ಅಂತ ಚಿಕ್ಕಿ ಮೆಲ್ಲಗೆ ಕೇಳಿದರು. ಬರುವುದಿಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಆದದ್ದು. ತಮ್ಮನ ಮದುವೆ ಮಾತುಕತೆಯಲ್ಲಿ ಯಾರಾದರೂ ಎತ್ತಿದರೆ ಧೈರ್ಯವಾಗಿ ಹಾಗೇ ಹೇಳಿ.

ಇನ್ನು ಇಮಾಟಿನಿಬ್. ಆ ಕೈನೇಸಿನಲ್ಲಿ ಎಟಿಪಿ ಬಂದು ಕೂರುವ ಒಂದು ಕುಳಿ ಇದೆ. ನಿಮ್ಮ ಮಾತ್ರೆಯ ಅಣು ಹೋಗಿ ಆ ಕುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಟಿಪಿಗೆ ಜಾಗ ಇಲ್ಲ, ಫಾಸ್ಫೇಟ್ ಇಲ್ಲ, ಮೋಟಾರ್ ಬಂದ್. ಅದೇ ಬಿದಿರಿನ ಚಕ್ಕೆ. ಆದರೆ ಚಿಕ್ಕಪ್ಪ, ಚಕ್ಕೆ ಸ್ಟಾರ್ಟರ್ ರಿಪೇರಿ ಮಾಡಿತ್ತಾ? ಇಲ್ಲ ಅಲ್ವಾ. ಬೆಸೆದ ಜೀನು ಬೆಸೆದ ಹಾಗೇ ಇದೆ. ರಕ್ತದಲ್ಲಿ ಈ ಔಷಧಿ ಸುಮಾರು 18 ಗಂಟೆಯಲ್ಲಿ ಅರ್ಧಕ್ಕೆ ಇಳಿದುಬಿಡುತ್ತದೆ. ಎರಡು ದಿನ ಬಿಟ್ಟರೆ ಚಕ್ಕೆ ಕಿತ್ತ ಹಾಗೇ. ರಿಪೋರ್ಟ್ ಚೆನ್ನಾಗಿರುವುದು ಚಕ್ಕೆ ಅಲ್ಲಿರುವುದರಿಂದ.

ನಂಬದಿದ್ದರೆ ಇದನ್ನು ಕೇಳಿ. ಲಂಡನ್ನಿನ ಡಾಕ್ಟರುಗಳು 87 ಜನ ರೋಗಿಗಳ ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಒಂದು ಚಿಪ್ ಇಟ್ಟಿದ್ದರು. ಮುಚ್ಚಳ ತೆಗೆದಾಗಲೆಲ್ಲ ಅದು ಬರೆದುಕೊಳ್ಳುತ್ತಿತ್ತು. ಮೂರು ತಿಂಗಳು ಲೆಕ್ಕ ಇಟ್ಟು 2010ರಲ್ಲಿ ಪ್ರಕಟಿಸಿದರು. ಕಾಯಿಲೆಯ ಗುರುತು ಸಾವಿರದಲ್ಲೊಂದು ಪಾಲಿಗೆ ಇಳಿಯುವ ಸಾಧ್ಯತೆ, ಸರಿಯಾಗಿ ನುಂಗಿದವರಲ್ಲಿ ನೂರಕ್ಕೆ 94ರಷ್ಟಿತ್ತು. ನೂರಕ್ಕೆ 90ಕ್ಕಿಂತ ಕಡಿಮೆ ನುಂಗಿದವರಲ್ಲಿ ಅದು 28ರ ಆಸುಪಾಸು. ವಾರಕ್ಕೆ ಎರಡು ಬಿಟ್ಟರೆ ನೀವು 71ಕ್ಕೆ ಇಳಿದಿರಿ. ಅಡಿಕೆ ರೇಟಿನ ಲೆಕ್ಕ ಬಾಯಲ್ಲೇ ಹಾಕುವವರಿಗೆ ನಾನೇನು ಹೇಳಲಿ.

ದುಡ್ಡಿನ ಯೋಚನೆಯೂ ಇರಬಹುದು. ಮೂಲ ಕಂಪನಿಯ ಗ್ಲಿವೆಕ್ ಅನ್ನುವ ಮಾತ್ರೆಗೆ ಆಗ ತಿಂಗಳಿಗೆ ಲಕ್ಷದ ಮೇಲಾಗುತ್ತಿತ್ತು. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ನೀವು ನುಂಗುವುದು ನಮ್ಮ ದೇಶದಲ್ಲೇ ಮಾಡಿದ ಅಗ್ಗದ್ದು. ಅಗ್ಗ ಅಂತ ಅನುಮಾನ ಬೇಡ, ಒಳಗಿನ ಅಣು ಅದೇ.

ರಾತ್ರಿ ಕಾಲು ಸೆಳೆತ, ಕಣ್ಣಿನ ಸುತ್ತ ಊತ, ಇವೆರಡೂ ಈ ಮಾತ್ರೆಯದ್ದೇ. ನಿಮ್ಮದು ನೆಪ ಅಂತ ನಾನು ಅನ್ನುವುದಿಲ್ಲ. ಆದರೆ ಅದನ್ನು ಡಾಕ್ಟರಿಗೆ ಹೇಳಬೇಕು, ಮಾತ್ರೆ ಬಿಡುವುದಲ್ಲ. ಊಟದ ಜೊತೆ, ದೊಡ್ಡ ಲೋಟದಲ್ಲಿ ನೀರು ಕುಡಿದು ನುಂಗಿ. ನಾಟಿ ಔಷಧಿ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ವರ್ಷಗಟ್ಟಲೆ ರಿಪೋರ್ಟ್ ತುಂಬ ಚೆನ್ನಾಗಿದ್ದವರಲ್ಲಿ ಕೆಲವರಿಗೆ ಡಾಕ್ಟರೇ ನಿಲ್ಲಿಸಿ ನೋಡುವುದುಂಟು. ಆಗ ತಿಂಗಳು ತಿಂಗಳು ರಕ್ತ ಪರೀಕ್ಷೆ ಇರುತ್ತದೆ. ಹೆಚ್ಚುಕಮ್ಮಿ ಅರ್ಧ ಜನಕ್ಕೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ, ಅದೂ ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ. ನೀವಾಗಿ ನೀವೇ ಕೊಟ್ಟಿಗೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ ಅದು.

ಚಿಕ್ಕಿಗೆ ಒಂದು ತಮಾಷೆ ಹೇಳಿ. ಫಾಸ್ಫೇಟ್ ಅಂಟಿದ ಪ್ರೋಟೀನನ್ನು ಮಾತ್ರ ಹಿಡಿಯುವ ಆಂಟಿಬಾಡಿ ನಮ್ಮ ಹತ್ತಿರ ಇದೆ. ಅದನ್ನು ಹಾಕುವ ಮೊದಲು, ಪ್ರೋಟೀನು ಇಳಿಸಿಕೊಂಡ ಕಾಗದದಂಥ ಪೊರೆಯನ್ನು ಏನಾದರೊಂದರಲ್ಲಿ ನೆನೆಸಬೇಕು. ಮೊದಲ ವರ್ಷ ನಾನು ಹಾಲಿನ ಪುಡಿ ಕದಡಿದ ನೀರಲ್ಲಿ ನೆನೆಸಿದೆ. ಆಂಟಿಬಾಡಿ ಹಿಡಿದ ಜಾಗ ಮಾತ್ರ ಕಪ್ಪಾಗಿ ಮೂಡಬೇಕಾದ ಫಿಲ್ಮು ಮಾರನೇ ದಿನ ಇಡೀ ಕಪ್ಪು. ಹಾಲಿನ ಕೇಸಿನ್ನಿಗೂ ಫಾಸ್ಫೇಟ್ ಅಂಟಿರುತ್ತದೆ, ಅದು ನನ್ನ ತಲೆಗೇ ಹೋಗಿರಲಿಲ್ಲ. ಎರಡು ವಾರದ ಕೆಲಸ ಹಾಲಿನಲ್ಲಿ ಹೋಯಿತು.

ಅಡಿಕೆ ಸುಲಿಯಲು ಈ ಸಲ ಜನ ಸಿಕ್ಕರಾ? ಗೌರಿ ಕರು ಹಾಕಿತಾ? ಮಾರ್ಚಿನಲ್ಲಿ ಊರಿಗೆ ಬರುತ್ತೇನೆ. ಖಾಲಿಯಾದ ಮಾತ್ರೆ ಸ್ಟ್ರಿಪ್ಪುಗಳನ್ನು ಎಸೆಯಬೇಡಿ. ಬಂದವಳೇ ಕೂತು ಎಣಿಸುತ್ತೇನೆ.

ಇಂತಿ ನಿಮ್ಮ
ಪುಟ್ಟಿ